ಬಿಚ್ಚಿಟ್ಟ ಕುರ್ಚಿ

ಒಂದು ಕುರ್ಚಿ ಮಾಡಲು ಏನೇನು ಖರ್ಚು? ಎರಡು ಕುರಿಗಳ ಉಣ್ಣೆ. ಮೂರು ಬೇಸಿಗೆ ಕಂಡ ವಿಲೋ ಕೋಲುಗಳ ಒಂದು ಕಟ್ಟು. ಬಾರು ಸೀಳಿಕೊಳ್ಳಲು ಅಂಗೈ ಅಗಲದ ಒಂಟೆ ಚರ್ಮ. ಕೋಲನ್ನು ಹಬೆಗೆ ಹಿಡಿದು ಬಗ್ಗಿಸುವವನ ಸೊಂಟ. ಬಿಸಿನೀರು ಸುರಿದು ಉಣ್ಣೆಯನ್ನು ಉರುಳಿಸುವ ಹೆಂಗಸರ ಮೊಣಕೈ. ಮೊಳೆ ಬೇಡ, ಅಂಟು ಬೇಡ, ಪ್ಲಾಸ್ಟಿಕ್ ಬೇಡ. ಹಳತಾದ ಮೇಲೆ ತೋಟಕ್ಕೆ ಎಸೆದರೆ ಗೊಬ್ಬರ.

ಸೈಕಾಲ್‌ಗೆ ಇದರ ಜೊತೆಗೆ ಇನ್ನೊಂದು ಖರ್ಚಿತ್ತು. ರಾಜಧಾನಿ ಬಿಷ್ಕೆಕ್‌ನ ಕೆಲಸ ಬಿಟ್ಟು ತಾಯಿಯ ಊರಿಗೆ ಬಂದು, ಕೋಲು ಉಣ್ಣೆಗಳ ಡೇರೆಮನೆ ಕಟ್ಟುವ ಕೈಗಳಿಂದ ಆಫೀಸಿನ ಕುರ್ಚಿ ಮೇಜು ಮಾಡಿಸುತ್ತೇನೆಂದು ಹಟ ಹಿಡಿದು ಎರಡು ವರ್ಷ ಕಳೆದಿದ್ದಳು.

ಆ ಭಾನುವಾರ ಸಂಜೆ ಅವಳು ಕಾರ್ಯಾಗಾರದ ಬಾಗಿಲು ತೆರೆದಳು. ಕುರ್ಚಿ ಇರಲಿಲ್ಲ. ಮೇಜಿಗೆ ಕಾಲುಗಳಿರಲಿಲ್ಲ.

ನಮ್ಮ ಕಾರಾ-ತಾಲ್ ಇಸಿಕ್-ಕುಲ್ ಸರೋವರದ ದಕ್ಷಿಣ ದಂಡೆಯ ಸಣ್ಣ ಊರು. ಇಲ್ಲಿ ಕಳ್ಳತನವೆಂದರೆ ಕುರಿಯದು, ಇಲ್ಲವೇ ಬೇರೆಯವರ ಹೊಲಕ್ಕೆ ತಿರುಗಿಸಿದ ನೀರಿನದು. ಕುರ್ಚಿಯ ಕಳ್ಳತನ ಇದೇ ಮೊದಲು.

ಕ್ಯಾಪ್ಟನ್ ಬಾತ್ಮಾ ಊಟದ ಮನೆಯಿಂದ ನೇರ ಬಂದರು. ಅವತ್ತು ಊರಿನ ಮುಖಂಡನ ಮೊಮ್ಮಗನ ತೋಯ್, ಹಬ್ಬದ ಔತಣ. ಬೆಳಗ್ಗೆಯಿಂದ ಸಂಜೆಯವರೆಗೆ ಇಡೀ ಊರಿಗೆ ಅಲ್ಲೇ ಊಟ, ಅಲ್ಲೇ ಹಾಡು. ಕ್ಯಾಪ್ಟನ್ ತಲೆಗೆ ಹಬ್ಬದ ರೇಷ್ಮೆ ವಸ್ತ್ರವಿತ್ತು. ಕೈಯಲ್ಲಿ ಮನೆಗೆಂದು ಕಟ್ಟಿಕೊಟ್ಟ ಮಾಂಸದ ಪೊಟ್ಟಣ. ಊರಿಗೆಲ್ಲ ಅವರು ಬಾತ್ಮಾ ಎಜೆ, ಅಂದರೆ ಬಾತ್ಮಾ ಅಕ್ಕ. ಮೂರು ಹಳ್ಳಿಗೆ ಅವರೊಬ್ಬರೇ ಪೊಲೀಸು.

"ಏನೇನು ಹೋಗಿದೆ?"

"ಕುರ್ಚಿ. ಮೇಜಿನ ಚೌಕಟ್ಟು." ಸೈಕಾಲ್ ಖಾಲಿ ಜಾಗಕ್ಕೆ ಕೈ ತೋರಿದಳು. "ಗುರುವಾರ ವೆನೇರಾ ಅಸಾನೋವ್ನಾ ಬರ್ತಾರೆ ಎಜೆ. ಬೀಜದ ಸಹಕಾರ ಸಂಘದವರು ಬಿಷ್ಕೆಕ್‌ನಲ್ಲಿ ಹೊಸ ಕಚೇರಿ ಕಟ್ತಿದಾರಲ್ಲ, ಅವರು. ಇಡೀ ಕಚೇರಿಗೆ ನಮ್ಮದೇ ಸಾಮಾನು ಹಾಕಿಸ್ತಾರಂತೆ. ಮಾದರಿ ನೋಡಿದ ಮೇಲೇ ಆರ್ಡರ್. ಇದು ಕೈತಪ್ಪಿದ್ರೆ ಚಳಿಗಾಲಕ್ಕೆ ಮುಂಚೆ ಈ ಬಾಗಿಲು ಮುಚ್ಚಬೇಕು. ಹೆಂಗಸರೆಲ್ಲ ಮತ್ತೆ ಉಣ್ಣೆ ತಗೊಂಡೋಗಿ ಹಳ್ಳಕ್ಕೆ ಸುರೀಬೇಕು."

ಅದು ಸುಳ್ಳಲ್ಲ. ನಮ್ಮ ಕುರಿಗಳ ಒರಟು ಉಣ್ಣೆಯನ್ನು ಕೊಳ್ಳುವವರಿಲ್ಲದೆ ಹಳ್ಳಕ್ಕೆ ಸುರಿಯುವುದನ್ನು ನಾವೆಲ್ಲ ನೋಡಿದ್ದೇವೆ.

"ಸರಿ. ಏನೇನು ಹೋಗಿಲ್ಲ?"

ಅದನ್ನು ಸೈಕಾಲ್ ನೋಡಿಯೇ ಇರಲಿಲ್ಲ.

ಇಬ್ಬರೂ ನೋಡಿದರು. ಕರೆಂಟಿನ ಡ್ರಿಲ್ ಗೂಟದಲ್ಲೇ ಇತ್ತು. ಮೇಜಿನ ಮೇಲ್ಹಲಗೆ ಪಾಪ್ಲರ್ ಮರದ್ದು, ಗೋಡೆಗೆ ಒರಗಿಸಿಟ್ಟಿತ್ತು. ಕಚೇರಿಯಲ್ಲಿ ಇಬ್ಬರ ನಡುವೆ ಮರೆಗೆಂದು ಮಾಡಿದ ಜೊಂಡಿನ ತಟ್ಟಿ ಹಾಗೇ ನಿಂತಿತ್ತು. ಕುರ್ಚಿಯ ಉಣ್ಣೆಹಾಸನ್ನು ಯಾರೋ ನೀಟಾಗಿ ಮಡಚಿ, ಮಡಿಕೆಗಳ ನಡುವೆ ನುಸಿ ಬಾರದಂತೆ ಮಾಚಿಪತ್ರೆಯ ಕಡ್ಡಿಗಳನ್ನು ಇಟ್ಟಿದ್ದರು. ಕೋಲುಗಳನ್ನು ಬಿಗಿದಿದ್ದ ಒಂಟೆ ಚರ್ಮದ ಬಾರುಗಳು ಮೂಲೆಯಲ್ಲಿ ಸುರುಳಿಯಾಗಿದ್ದವು. ಕ್ಯಾಪ್ಟನ್ ಮುಟ್ಟಿ ನೋಡಿದರು. ಮೆತ್ತಗೆ, ಒದ್ದೆ.

"ಕತ್ತರಿಸಿಲ್ಲ. ಬಿಚ್ಚಿದ್ದಾರೆ."

"ಒಣಗಿದ ಬಾರು ಹಲ್ಲಲ್ಲಿ ಕಚ್ಚಿದ್ರೂ ಬಿಚ್ಚಲ್ಲ," ಎಂದರು ಬಾಗಿಲಲ್ಲಿ ನಿಂತಿದ್ದ ಮುದುಕರು. ಕಸಿಮಾಲಿ ಉಸ್ತಾ. ಉಸ್ತಾ ಅಂದರೆ ಕಸುಬಿನ ಗುರು; ಆ ಗಂಟುಗಳನ್ನು ಹಾಕಿದವರು ಅವರೇ. "ಬಿಸಿನೀರಿನ ಬಟ್ಟೆ ಸುತ್ತಿ ಗಂಟೆಗಟ್ಟಲೆ ಕಾಯಬೇಕು."

ಕ್ಯಾಪ್ಟನ್ ನೀರು ಕಾಯಿಸುವ ಸಮೋವರ್ ಮುಚ್ಚಳ ತೆಗೆದರು. ಕೆಂಡದ ಬೂದಿ ಇನ್ನೂ ಬೆಚ್ಚಗಿತ್ತು. ನೀರು ಒಂದು ಹನಿ ಇಲ್ಲ. ಪಕ್ಕದ ಚಹಾ ಬಟ್ಟಲುಗಳು ಮಾತ್ರ ಒಣಗಿದ್ದವು.

"ಇಷ್ಟು ಮರ್ಯಾದಸ್ಥ ಕಳ್ಳ ನಮ್ಮನೆಗೂ ಬರಲಿ," ಎಂದರು ಉಸ್ತಾ. "ಬಟ್ಟೆಬರೆ ಮಡಚಿಟ್ಟು ಹೋಗಲಿ."

ಮೇಲ್ಹಲಗೆಯ ಬುಡದಲ್ಲಿ, ಕುರ್ಚಿ ಇದ್ದ ಜಾಗಕ್ಕೆ ಎದುರಾಗಿ, ಒಂದು ಬಿಳಿ ಕರವಸ್ತ್ರ ಹಾಸಿತ್ತು. ಅದರ ಮೇಲೆ ಒಂದು ಹಿಡಿ ಒಣ ಜರ್ದಾಳು.

"ಇದು ಯಾರದು?"

"ಯಾರೋ ತಿನ್ನೋಕೆ ತಂದು ಮರೆತಿರ್ತಾರೆ," ಎಂದಳು ಸೈಕಾಲ್.

ಉಸ್ತಾ ಆಗಲೇ ಒಂದನ್ನು ಬಾಯಿಗೆ ಹಾಕಿಕೊಂಡಿದ್ದರು.

"ಉಸ್ತಾ! ಸಾಕ್ಷಿ ತಿಂತಿದೀರಿ."

"ಹಲ್ಲಿಲ್ಲ ಬಿಡು ಮಗಳೇ. ಚೀಪಿ ವಾಪಸ್ ಕೊಡ್ತೀನಿ."

ಬಾಗಿಲಿಗೆ ಬೀಗವಿತ್ತು. ಬೀಗದ ಕೈ ಬಾಗಿಲ ಮೇಲಿನ ಸಂದಿಯಲ್ಲಿತ್ತು. ಅದು ಅಲ್ಲಿರುತ್ತದೆಂದು ಇಡೀ ಊರಿಗೆ ಗೊತ್ತು. ಕ್ಯಾಪ್ಟನ್ ಆ ಬೀಗವನ್ನು ತೆಗೆದು ಠಾಣೆಯ ಬೀಗ ಹಾಕಿದರು, ಅದರ ಕೀಲಿಕೈಯನ್ನು ಜೇಬಿಗಿಳಿಸಿದರು.

* * *

ಸೋಮವಾರ ಊರೆಲ್ಲ ಒಂದೇ ಹೆಸರು ಹೇಳಿತು. ಎರ್ನಿಸ್. ಬಾಲಿಕ್ಚಿ ಪಟ್ಟಣದಲ್ಲಿ ಪಾರ್ಟಿಕಲ್ ಬೋರ್ಡಿನ ಕುರ್ಚಿ ಮೇಜು ಮಾರುವವನು. ಸೈಕಾಲ್ ಕೆಲಸವನ್ನು ಅವನು "ಕುರಿ ವಾಸನೆ ಫರ್ನಿಚರ್" ಎಂದು ಆಡಿಕೊಂಡಿದ್ದ. ಅದಕ್ಕಿಂತ ಮೆಲ್ಲಗೆ ಇನ್ನೊಂದು ಹೆಸರೂ ಕೇಳಿಸಿತು. ಕಸಿಮಾಲಿ ಉಸ್ತಾ.

ಉಸ್ತಾ ಮನೆ ಅಂಗಳದಲ್ಲಿ ಕೋಲು ಬಗ್ಗಿಸುತ್ತಿದ್ದರು. ಕ್ಯಾಪ್ಟನ್ ಮಣೆ ಎಳೆದುಕೊಂಡು ಕೂತರು.

"ಸೈಕಾಲ್ ಜೊತೆ ಜಗಳ ಆಡಿದ್ರಂತೆ."

"ಆಡ್ದೆ. ನಮ್ಮಪ್ಪ, ಅವರಪ್ಪ, ಎಲ್ಲರೂ ಈ ಕೋಲನ್ನ ತಲೆ ಮೇಲೆ ಇಟ್ಕೊಂಡು ಬಾಳಿದೋರು. ಇವಳು ಅದನ್ನ ತಿಕದ ಕೆಳಗೆ ಇಡ್ತೀನಿ ಅಂದ್ರೆ ಸುಮ್ನಿರ್ಲಾ?"

"ಮತ್ತೆ ಗಂಟು ನೀವೇ ಹಾಕಿದ್ರಿ."

"ಬೇರೆಯವರು ಹಾಕಿದ್ರೆ ಬೀಳ್ತಿತ್ತಲ್ಲ."

"ನಿನ್ನೆ ಮಧ್ಯಾಹ್ನ ಊಟದ ಮನೇಲಿ ನೀವು ಇರ್ಲಿಲ್ಲ."

ಮುದುಕರು ಕೋಲನ್ನು ಕೆಳಗಿಟ್ಟರು. ಆಚೀಚೆ ನೋಡಿದರು. ಸೊಸೆ ದೂರದಲ್ಲಿದ್ದಳು.

"ನಂಗೆ ಹಿರಿಯರ ಪಾಲು ಅಂತ ಕುದುರೆ ಮಾಂಸದ ದೊಡ್ಡ ತುಂಡು ಕೊಟ್ರು. ಅಗಿಯೋಕೆ ಏನಿದೆ ಬಾಯಲ್ಲಿ? ಅದನ್ನ ಜೇಬಿಗೆ ಹಾಕ್ಕೊಂಡು ಮನೆಗೆ ಬಂದು ನಾಯಿಗೆ ಹಾಕ್ದೆ. ಗಂಜಿ ಕುಡಿದು ಮಲಗ್ದೆ. ಊರಿಗೆ ಹೇಳಿದ್ರೆ ನೋಡು."

ನಾಯಿಯ ಮುಂದೆ ದೊಡ್ಡ ಮೂಳೆ ಇತ್ತು. ಹೊಟ್ಟೆ ತುಂಬಿದ ನಾಯಿ ಎದ್ದು ಬೊಗಳಲೂ ಇಲ್ಲ. ಕ್ಯಾಪ್ಟನ್ ನಕ್ಕು ಎದ್ದರು.

ಮುಂದೆ ರಸ್ತೆಯ ತಿರುವು. ಅಲ್ಲಿ ಕಾಲುನೋವಿನ ಅಜ್ಜಿಯೊಬ್ಬಳು ಕಿಟಕಿಯಲ್ಲೇ ಕೂತಿರುತ್ತಾಳೆ. ತೋಯ್‌ಗೂ ಹೋಗಿರಲಿಲ್ಲ. ಕಾರ್ಯಾಗಾರದ ದಾರಿ ಅವಳ ಕಣ್ಣೆದುರೇ.

"ಅಪಾ, ನಿನ್ನೆ ಯಾರಾದ್ರೂ ಕುರ್ಚಿ ಹೊತ್ಕೊಂಡು ಹೋದ್ರಾ?"

"ಇಲ್ಲಮ್ಮ. ಕುರ್ಚಿನೂ ಇಲ್ಲ, ಮೇಜೂ ಇಲ್ಲ. ಒಂದು ಕಾರೂ ಹೋಗ್ಲಿಲ್ಲ. ಬೇಜಾರಾಗಿ ಸತ್ತೆ."

ಕೊನೆಗೆ ಹೊಳೆ ಸರೋವರಕ್ಕೆ ಸೇರುವ ಕಡೆ, ವಿಲೋ ತೋಪಿನ ಸಾತಾರ್ ಮನೆ. ಊರಿನ ಕುಶಲಕರ್ಮಿಗಳಿಗೆಲ್ಲ ಕೋಲು ಕೊಡುವವನು ಅವನೇ. ಒಳ್ಳೆಯ ಮನುಷ್ಯ. ಬರಿಗೈಲಿ ಯಾರ ಮನೆಗೂ ಹೋದವನಲ್ಲ, ಬರಿಗೈಲಿ ಯಾರನ್ನೂ ಕಳಿಸಿದವನಲ್ಲ. ಶೆಡ್ಡಿನಿಂದ ಹೊಗೆ ಏಳುತ್ತಿತ್ತು. ಸಾತಾರ್ ಶೆಡ್ಡಿನ ಬಾಗಿಲು ಎಳೆದುಕೊಂಡು ಹೊರಬಂದ. ಕಣ್ಣು ಕೆಂಪಾಗಿತ್ತು.

"ಒಳಗೆ ಹೊಗೆ, ಎಜೆ. ಇಲ್ಲೇ ಕೂತ್ಕೊಳ್ಳಿ."

ಅವನೇ ವಯಸ್ಸಿನಲ್ಲಿ ದೊಡ್ಡವನು, ಅವರಿಗೆ ಬೈಕೆ, ಅಂದರೆ ಅಣ್ಣ. ಆದರೂ ಸಮವಸ್ತ್ರದಲ್ಲಿರುವವರನ್ನು ಎಜೆ ಎನ್ನುವ ಭಯಸ್ಥ.

"ಸಾತಾರ್ ಬೈಕೆ, ಆ ಕುರ್ಚಿ ಬಗ್ಗೆ ನಿಮಗೇನನ್ಸುತ್ತೆ? ಯಾರು ಒಯ್ದಿರಬಹುದು?"

"ನಾನು ಅದನ್ನ ನೋಡೇ ಇಲ್ಲ. ಕೋಲು ಕೊಟ್ಟೆ, ಅಷ್ಟೇ. ಆ ಕಡೆ ಹೋಗೋಕೇ ಆಗಿಲ್ಲ."

"ಒಂದು ಸಲಾನೂ?"

"ಒಂದು ಸಲಾನೂ ಇಲ್ಲ. ನಿಮ್ಮ ಬೀಗ ಯಾವಾಗ ತೆಗೀತೀರಿ?"

"ಕಳ್ಳ ಸಿಕ್ಕ ಮೇಲೆ."

ಸಾತಾರ್ ಮುಖ ಇಳಿಯಿತು. ಕ್ಯಾಪ್ಟನ್ ಹೊರಟಾಗ ಹತ್ತು ಮೊಟ್ಟೆಗಳನ್ನು ಹುಲ್ಲಿನಲ್ಲಿ ಸುತ್ತಿ ಕೈಗಿತ್ತ. ಬೇಡವೆಂದರೂ ಕೇಳಲಿಲ್ಲ.

* * *

ಮಂಗಳವಾರ ಬಾಲಿಕ್ಚಿ. ಎರ್ನಿಸ್ ಅಂಗಡಿಯಲ್ಲಿ ಹೊಳೆಯುವ ಕಪ್ಪು ಕುರ್ಚಿಗಳ ಸಾಲು. ಅವನು ಕೂತಿದ್ದ ಕುರ್ಚಿಗೆ ಮಾತ್ರ ಒಂದು ಕಾಲಿಗೆ ಟೇಪು ಸುತ್ತಿತ್ತು.

"ನಾನೇ ಕದ್ದೆ ಅಂತ ಊರವರು ಹೇಳಿರ್ತಾರೆ."

"ಹೇಳಿದ್ದಾರೆ."

"ಭಾನುವಾರ ತೋಯ್‌ನಲ್ಲಿ ನಿಮ್ಮ ಎದುರಿಗೇ ಕೂತಿದ್ದೆ ಎಜೆ. ನೀವೇ ನನ್ನ ತಟ್ಟೆಯಿಂದ ಕೊಬ್ಬಿನ ತುಂಡು ತಗೊಂಡ್ರಿ."

ಅದು ನಿಜವಾಗಿತ್ತು. ಕ್ಯಾಪ್ಟನ್ ಗಂಟಲು ಸರಿಮಾಡಿಕೊಂಡರು.

"ಯಾರನ್ನಾದ್ರೂ ಕಳಿಸಿರಬಹುದು."

"ಯಾಕೆ? ಸೈಕಾಲ್ ಕುರ್ಚೀನ ಇಲ್ಲಿನ ಮೇಳದಲ್ಲೇ ನೋಡ್ದೆ. ಕೂತೂ ನೋಡ್ದೆ. ನೋಡಿ, ಇದು ಬಾಯಿಬಿಟ್ಟು ಹೇಳೋ ಮಾತಲ್ಲ..." ಎರ್ನಿಸ್ ಎದ್ದು ನಿಂತ. ಅವನ ಕುರ್ಚಿಯ ಮೇಲೆ ನಾಲ್ಕು ಮೂಲೆಯ ಉಣ್ಣೆಹಾಸಿತ್ತು. ಸೈಕಾಲ್ ಹೆಂಗಸರು ಮಾಡಿದ್ದು. "ಬೆನ್ನಿಗೆ ಚೆನ್ನಾಗಿರುತ್ತೆ. ಯಾರಿಗೂ ಹೇಳ್ಬೇಡಿ."

ಅಲ್ಲಿಂದ ಫೋಟೋ ಸ್ಟುಡಿಯೋ. ಅದೇ ಜೋಡಿಯ ಇನ್ನೊಂದು ಕುರ್ಚಿಯನ್ನು ಸೈಕಾಲ್ ಚಿತ್ರ ತೆಗೆಸಲು ಅಲ್ಲಿ ಬಿಟ್ಟಿದ್ದಳು. ಗುರುವಾರಕ್ಕೆ ಅದೊಂದಾದರೂ ಇರಲಿ ಎಂದು ಕ್ಯಾಪ್ಟನ್ ಒಯ್ಯಲು ಬಂದಿದ್ದರು.

"ಒಯ್ಯಿರಿ, ಪುಣ್ಯ ಬರುತ್ತೆ," ಎಂದ ಫೋಟೋದವನು. "ಚೆಂದಕ್ಕೇನೂ ಕಮ್ಮಿ ಇಲ್ಲ. ಆದ್ರೆ ದಿನಾ ಬೆಳಗ್ಗೆ ಹಿಟ್ಟು ಉದುರಿಸುತ್ತೆ. ನನ್ನ ಕಪ್ಪು ಬಟ್ಟೆ ನೋಡಿ."

ಕುರ್ಚಿಯ ಕೆಳಗೆ ಹಾಸಿದ್ದ ಕಪ್ಪು ಬಟ್ಟೆಯ ಮೇಲೆ ನುಣ್ಣನೆಯ ಹಳದಿ ಪುಡಿ. ಕ್ಯಾಪ್ಟನ್ ಕುರ್ಚಿಯನ್ನು ಮಗುಚಿದರು. ಕಾಲಿನ ಒಳಬದಿಯಲ್ಲಿ ಸೂಜಿಮೊನೆಯಂಥ ತೂತುಗಳು. ಬೆರಳಿನಿಂದ ತಟ್ಟಿದಾಗ ಇನ್ನಷ್ಟು ಪುಡಿ ಉದುರಿತು.

ಕುಟ್ಟೆ ಹುಳ. ಕೋಲಿನ ಒಳಗೇ ಇದೆ.

ಅಷ್ಟರಲ್ಲಿ ಫೋಟೋದವನ ಹೆಂಡತಿ ಬಟ್ಟೆಯಲ್ಲಿ ಸುತ್ತಿದ ಕೂಸನ್ನು ಎತ್ತಿಕೊಂಡು ಒಳಗಿನಿಂದ ಬಂದಳು. ನಲವತ್ತು ದಿನ ತುಂಬಿದ ಕೂಸು. ಮುಖ ತೋರಿಸಲೆಂದೇ ತಂದಿದ್ದಳು. ಕ್ಯಾಪ್ಟನ್ ಕೈ ತಾನಾಗಿ ಜೇಬಿಗೆ ಹೋಯಿತು. ಸಿಕ್ಕಿದ್ದು ಒಂದು ಚಾಕೊಲೇಟು. ಕೂಸಿಗೆ ಹಲ್ಲಿಲ್ಲದಿದ್ದರೂ ಅದನ್ನೇ ಅದರ ಎದೆಯ ಮೇಲಿಟ್ಟು ಹರಸಿದರು. ಹೊಸ ಕೂಸು, ಹೊಸ ಸೊಸೆ, ಹೊಸ ಮನೆ, ಯಾವುದನ್ನೂ ನಾವು ಮೊದಲ ಸಲ ಬರಿಗೈಲಿ ನೋಡುವುದಿಲ್ಲ. ಆ ನೋಟದ ಕಾಣಿಕೆಯನ್ನು ಕೊರುಮ್ದುಕ್ ಅನ್ನುತ್ತೇವೆ. ಕೊಡುವವರು ಯೋಚಿಸಿ ಕೊಡುವುದಲ್ಲ ಅದು. ಕಣ್ಣಿಗೆ ಬಿದ್ದೊಡನೆ ಕೈ ಹೋಗುತ್ತದೆ.

ಕ್ಯಾಪ್ಟನ್ ಆ ಚಾಕೊಲೇಟನ್ನು ನೋಡುತ್ತ ನಿಂತುಬಿಟ್ಟರು.

"ಏನಾಯ್ತು ಎಜೆ?" ಎಂದಳು ಹೆಣ್ಣುಮಗಳು.

"ಜರ್ದಾಳು," ಎಂದರು ಕ್ಯಾಪ್ಟನ್. "ಮರೆತು ಹೋದದ್ದಲ್ಲ ಅದು. ಕರವಸ್ತ್ರ ಹಾಸಿ ಕೊಟ್ಟದ್ದು."

* * *

ಬುಧವಾರ ಬೆಳಗ್ಗೆ ಕ್ಯಾಪ್ಟನ್ ಮೊದಲು ಕಿಟಕಿಯ ಅಜ್ಜಿಯ ಬಳಿ ಹೋದರು.

"ಅಪಾ, ಭಾನುವಾರ ಯಾರಾದ್ರೂ ಕೋಲಿನ ಕಟ್ಟು ಹೊತ್ಕೊಂಡು ಹೋದ್ರಾ?"

"ಸಾತಾರ್ ಹೋದ. ಅದನ್ನೇನು ಹೇಳೋದು? ಅವನು ಹುಟ್ಟಿದಾಗಿಂದ ಕೋಲು ಹೊರ್ತಾನೇ ಇದಾನೆ."

"ಊರಿಗೆ ಬರ್ತಿದ್ನಾ, ಊರಿಂದ ಹೋಗ್ತಿದ್ನಾ?"

ಅಜ್ಜಿ ಬಾಯಿ ತೆರೆದು ಹಾಗೇ ನಿಲ್ಲಿಸಿದಳು. "ಹೋಗ್ತಿದ್ದ," ಎಂದಳು ನಿಧಾನವಾಗಿ. "ಅಯ್ಯೋ. ಕೋಲು ಯಾವಾಗ್ಲೂ ಊರೊಳಗೆ ಬರ್ಬೇಕು."

ಮಧ್ಯಾಹ್ನ ಕಾರ್ಯಾಗಾರದ ಬೀಗ ತೆರೆಯಿತು. ಬಾಲಿಕ್ಚಿಯಿಂದ ಬಂದ ಕುರ್ಚಿಯನ್ನು ಊರವರಿಗೆ ತೋರಿಸುತ್ತೇವೆ, ನೋಡದವರು ಬರಲಿ ಎಂದು ಸೈಕಾಲ್ ಹೇಳಿಕಳಿಸಿದ್ದಳು. ಹಾಗೆ ಹೇಳಿಸಿದವರು ಕ್ಯಾಪ್ಟನ್. ಅಂಗಳದಲ್ಲಿ ಚಹಾ, ಬ್ರೆಡ್ಡು, ಜಾಮು. ಕುರ್ಚಿಯ ಮೇಲೆ ಬಿಳಿ ಬಟ್ಟೆ.

ಸೈಕಾಲ್ ಬಟ್ಟೆ ಎಳೆದಳು.

ಹಿಂಬದಿಯಲ್ಲಿ ಡೇರೆಮನೆಯ ಗೋಡೆಯಂತೆ ಜಾಲರಿಯಾಗಿ ಬೆಸೆದ ಕೆಂಪು ಕೋಲುಗಳು. ಕೂರುವಲ್ಲಿ ಬೂದು ಉಣ್ಣೆ, ಅಂಚಿಗೆ ಕುರಿಕೊಂಬಿನ ಸುರುಳಿ. ಕೂತರೆ ಮೈಯ ಭಾರಕ್ಕೆ ತಕ್ಕಂತೆ ಬಾಗಿ, ಎದ್ದರೆ ಮತ್ತೆ ನೆಟ್ಟಗಾಗುತ್ತಿತ್ತು. ಹಾಲಿನ ವ್ಯಾನಿನ ಡ್ರೈವರು ಜೇಬು ತಡಕಿ ಬಿಸ್ಕತ್ತಿನ ಪೊಟ್ಟಣ ಇಟ್ಟ. ಒಬ್ಬ ಅಜ್ಜಿ ತಲೆಯ ಪಿನ್ನು ತೆಗೆದಿಟ್ಟಳು. ಇನ್ನೊಬ್ಬಳು ಮಡಿಲಿನಲ್ಲಿ ತಂದಿದ್ದ ಸೇಬು. ಇಡೀ ಊರಿನಲ್ಲೇ ಜಿಪುಣನೆಂದು ಹೆಸರಾದ ಅಂಗಡಿಯವನು ಕೂಡ ಬೈದುಕೊಳ್ಳುತ್ತ ಒಂದು ಬೆಂಕಿಪೊಟ್ಟಣ ಇಟ್ಟ. ಅದರಲ್ಲಿ ಅರ್ಧ ಕಡ್ಡಿ ಖಾಲಿ ಎಂದು ಯಾರೋ ಕೂಗಿದರು, ಎಲ್ಲರೂ ನಕ್ಕರು.

ಸಾತಾರ್ ಗುಂಪಿನ ಹಿಂದೆ ನಿಂತಿದ್ದ. ಕುರ್ಚಿಯನ್ನು ಕಣ್ಣು ತುಂಬ ನೋಡಿದ. ಕೈ ಬೆನ್ನ ಹಿಂದೆ ಕಟ್ಟಿತ್ತು. ಅಲ್ಲಿಂದ ಅಲ್ಲಾಡಲಿಲ್ಲ.

ಜನ ಚಹಾ ಕುಡಿದು ಚದುರುವವರೆಗೆ ಕ್ಯಾಪ್ಟನ್ ಕಾದರು. ಆಮೇಲೆ ನಾಲ್ಕೇ ಜನ ಒಳಗೆ: ಕ್ಯಾಪ್ಟನ್, ಸೈಕಾಲ್, ಕಸಿಮಾಲಿ ಉಸ್ತಾ, ಸಾತಾರ್. ಬಾಗಿಲು ಮುಚ್ಚಿತು.

"ಸಾತಾರ್ ಬೈಕೆ, ಇಂಥ ಕುರ್ಚಿ ನೀವು ಮೊದಲು ನೋಡಿರ್ಲಿಲ್ಲ, ಅಲ್ವಾ?"

"ಇಲ್ಲ."

"ಜಿಪುಣ ಕೂಡ ಬೆಂಕಿಪೊಟ್ಟಣ ಇಟ್ಟ. ನಿಮ್ಮ ಕೈ ಬರಿದು. ನಾನು ಸೋಮವಾರ ಬಂದಿದ್ದಕ್ಕೇ ಹತ್ತು ಮೊಟ್ಟೆ ಕೊಟ್ಟವರು ನೀವು."

ಕ್ಯಾಪ್ಟನ್ ಕರವಸ್ತ್ರವನ್ನು ಬಿಚ್ಚಿ ಸಾತಾರ್ ಮುಂದಿಟ್ಟರು.

"ಜೋಡಿ ಕುರ್ಚಿ ಅಂದ್ರೆ ಒಂದೇ ವಸ್ತು, ಅದಕ್ಕೆ ಎರಡು ಸಲ ಕೊರುಮ್ದುಕ್ ಕೊಡೋ ಹಾಗಿಲ್ಲ. ಬಾಯಲ್ಲಿ ಸುಳ್ಳು ಹೇಳಿದ್ರಿ. ಕೈಯಲ್ಲಿ ಹೇಳೋಕಾಗ್ಲಿಲ್ಲ."

ಸಾತಾರ್ ಮಣೆಯ ಮೇಲೆ ಕೂತ.

"ಅಷ್ಟು ಚೆಂದ ಇತ್ತು ಎಜೆ," ಎಂದ. "ಬಿಚ್ಚೋಕೆ ಅಂತಲೇ ಬಂದೆ. ಬಾಗಿಲು ತೆಗೆದೆ, ಕಿಟಕಿ ಬಿಸಿಲು ಅದರ ಮೇಲೆ ಬಿದ್ದಿತ್ತು. ನನ್ನ ಕೋಲು ಹಿಂಗಾಗುತ್ತೆ ಅಂತ ನಂಗೆ ಗೊತ್ತೇ ಇರ್ಲಿಲ್ಲ. ಯಾವಾಗ ಜೇಬಿಗೆ ಕೈ ಹಾಕಿದ್ನೋ, ಯಾವಾಗ ಇಟ್ನೋ. ಮನೆಗೆ ಹೋದ್ಮೇಲೇ ನೆನಪಾಗಿದ್ದು."

"ಯಾಕೆ ಬೈಕೆ?" ಎಂದಳು ಸೈಕಾಲ್. "ನಾನೇನು ಮಾಡಿದ್ದೆ ನಿಮಗೆ?"

"ನಾನೇ ಹೇಳ್ತೀನಿ," ಎಂದರು ಕ್ಯಾಪ್ಟನ್. "ತಪ್ಪಿದ್ರೆ ತಿದ್ದಿ." ಅವರು ಕುರ್ಚಿಯನ್ನು ಮಗುಚಿ ಕಾಲಿನ ತೂತುಗಳನ್ನು ತೋರಿಸಿದರು. ತಟ್ಟಿದರು. ಪುಡಿ ಉದುರಿತು. "ಮೊದಲ ದಿನವೇ ನಂಗೆ ಒಂದು ವಿಷಯ ಕಾಡ್ತಿತ್ತು. ದುಡ್ಡಿಗೆ ಕದಿಯೋನಾಗಿದ್ರೆ ಡ್ರಿಲ್ ಬಿಡ್ತಿರ್ಲಿಲ್ಲ. ಹೊಟ್ಟೆಕಿಚ್ಚಿನೋನಾಗಿದ್ರೆ ಉಣ್ಣೆ ಹರೀತಿದ್ದ. ಇವನು ಉಣ್ಣೆಗೆ ಮಾಚಿಪತ್ರೆ ಇಟ್ಟ, ಪಾಪ್ಲರ್ ಹಲಗೆ ಒರಗಿಸಿಟ್ಟ, ಬಾರು ಸುತ್ತಿಟ್ಟ. ಒಯ್ದಿದ್ದು ಬರೀ ವಿಲೋ. ಅಂದ್ರೆ ಅವನ ಜಗಳ ಸೈಕಾಲ್ ಜೊತೆಗಲ್ಲ, ವಿಲೋ ಜೊತೆ. ಬಿಚ್ಚಿದ್ರೆ ಕುರ್ಚಿ ಕುರ್ಚಿಯಾಗಿರಲ್ಲ, ಕೋಲಿನ ಕಟ್ಟಾಗುತ್ತೆ. ಕೋಲಿನ ಕಟ್ಟು ಯಾರ ಹೆಗಲ ಮೇಲಿದ್ರೆ ಊರು ತಿರುಗಿ ನೋಡಲ್ಲ? ಬಾಲಿಕ್ಚೀಲಿ ಈ ಪುಡಿ ನೋಡಿದ್ಮೇಲೆ ಉಳಿದಿದ್ದೂ ಗೊತ್ತಾಯ್ತು. ಇಲ್ಲಿ ಕೆಲಸ ಮಾಡೋರೆಲ್ಲ ಕುರ್ಚಿ ದಿನಾ ನೋಡ್ದೋರು. ಎರ್ನಿಸ್ ಮೇಳದಲ್ಲಿ ನೋಡ್ದೋನು. ಜರ್ದಾಳು ಇಟ್ಟೋನು ಅವತ್ತೇ ಮೊದಲು ನೋಡ್ದೋನು. ಬಾರು ಬಿಚ್ಚೋಕೂ ಬರ್ಬೇಕು, ಕುರ್ಚಿ ನೋಡಿರಲೂಬಾರ್ದು. ಹಂಗಿರೋರು ನೀವೊಬ್ರೇ, ಬೈಕೆ."

ಉಸ್ತಾ ಆ ಪುಡಿಯನ್ನು ಬೆರಳಿಗೆ ಹಚ್ಚಿಕೊಂಡರು. ಮೂಸಿದರು. ಅವರ ಮುಖ ಗಟ್ಟಿಯಾಯಿತು.

"ರಸ ಏರಿದ್ಮೇಲೆ ಕಡಿದಿದ್ದೀಯ. ಆ ಸಿಹಿಗೇ ಹುಳ ಹತ್ತಿದ್ದು."

"ಹೌದು ಉಸ್ತಾ." ಸಾತಾರ್ ತಲೆ ಎತ್ತಲಿಲ್ಲ. "ಎಲೆ ಉದುರಿದ್ಮೇಲೆ, ಹಿಮ ಬಿದ್ಮೇಲೆ ಕಡೀಬೇಕು. ನಂಗೊತ್ತು. ನಮ್ಮಪ್ಪ ಮೊದಲು ಕಲಿಸಿದ್ದೇ ಅದು. ಹಂಗೆ ಹಿಮದಲ್ಲಿ ಕಡಿದಿದ್ದನ್ನೆಲ್ಲ ಡೇರೆ ಕಟ್ಟೋರು ಒಯ್ದುಬಿಟ್ಟಿದ್ರು. ವಸಂತದಲ್ಲಿ ಈ ಹುಡುಗಿ ನಗ್ತಾ ಬಂದ್ಲು. ಬೈಕೆ, ಇನ್ನೂ ಬೇಕು ಅಂದ್ಲು. ಇಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ. ಹಸಿ ಮರ ಕಡಿದು ಒಣಗಿಸಿ ಕೊಟ್ಟೆ. ಮೊನ್ನೆ ನೋಡಿದ್ರೆ ಶೆಡ್ಡಲ್ಲಿ ಉಳಿದಿದ್ದ ಕೋಲಿನ ಕೆಳಗೆ ಹಿಟ್ಟಿನ ರಾಶಿ. ಆ ದೊಡ್ಡ ಕಚೇರೀಲಿ ಯಾರೋ ಕೂರ್ತಾರೆ, ಕಾಲು ಮುರಿಯುತ್ತೆ, ಕಾರಾ-ತಾಲ್ ಕುರ್ಚಿ ಅಂದ್ರೆ ಜನ ಉಗೀತಾರೆ. ಇವಳ ಹೆಸರು ಹಾಳು."

"ಬಂದು ಹೇಳೋಕೇನಾಗಿತ್ತು?" ಎಂದಳು ಸೈಕಾಲ್.

"ಅಷ್ಟು ಧೈರ್ಯ ಇದ್ದಿದ್ರೆ ವಸಂತದಲ್ಲೇ ಇಲ್ಲ ಅಂತಿದ್ದೆ."

ಸೈಕಾಲ್ ಮಗುಚಿದ್ದ ಕುರ್ಚಿಯನ್ನು ಮತ್ತೆ ನೆಟ್ಟಗೆ ನಿಲ್ಲಿಸಿದಳು.

"ಗುರುವಾರದೊಳಗೆ ವಾಪಸ್ ಇಡೋಣ ಅಂತಿದ್ದೆ," ಎಂದ ಸಾತಾರ್. "ಆದ್ರೆ ನೀವು ಬೀಗ ಹಾಕಿಬಿಟ್ರಿ ಎಜೆ. ಇಡೋದಾದ್ರೂ ಹೆಂಗೆ?"

"ಏನು ವಾಪಸ್ ಇಡೋದು? ಹುಳ ತಿಂದ ಕೋಲನ್ನಾ?"

"ಬನ್ನಿ. ನೋಡಿ."

* * *

ಶೆಡ್ಡಿನಲ್ಲಿ ಇನ್ನೂ ಹೊಗೆಯಿತ್ತು. ಬಿಸಿ ಗೊಬ್ಬರದ ಹಬೆಯಲ್ಲಿ ಕೋಲುಗಳು ಮೆತ್ತಗಾಗುತ್ತಿದ್ದವು. ಬಗ್ಗಿಸುವ ಹಲಗೆಯ ಪಕ್ಕದಲ್ಲಿ ಕುರ್ಚಿಯ ಹಳೆಯ ಕೋಲುಗಳನ್ನು ಅಳತೆಗೆಂದು ಒಂದೊಂದಾಗಿ ಜೋಡಿಸಿಟ್ಟಿತ್ತು. ಅವುಗಳ ಜೊತೆಗೆ, ಅದೇ ಬಾಗು, ಅದೇ ಉದ್ದ, ಹೊಸ ಕೋಲುಗಳು. ಕುರ್ಚಿಯ ಅಷ್ಟೂ ಮುಗಿದಿತ್ತು. ಮೇಜಿನ ಎರಡು ಕಾಲು ಬಾಕಿ.

ಕಸಿಮಾಲಿ ಉಸ್ತಾ ಒಂದನ್ನು ಎತ್ತಿ ಮೊಣಕಾಲಿಗೆ ಒತ್ತಿ ನೋಡಿದರು. ಉಗುರಿನಿಂದ ಕೆರೆದರು. ಮರ ಕಲ್ಲಿನ ಹಾಗೆ.

"ಎಲ್ಲಿಂದ ಬಂತು ಇದು? ಏಳೆಂಟು ಚಳಿಗಾಲ ಕಂಡ ಕೋಲು."

ಒಲೆ ಊದುತ್ತಿದ್ದ ಸಾತಾರ್ ಮಗಳು ಮುಖ ಒರೆಸಿಕೊಂಡು ಎದ್ದಳು.

"ಅಟ್ಟದಿಂದ, ಉಸ್ತಾ. ನನ್ನ ಮದುವೆಗೆ ಡೇರೆಮನೆ ಕೊಡ್ಬೇಕು ಅಂತ ಅಪ್ಪ ಕೂಡಿಟ್ಟಿದ್ದು. ನಾನೇ ಇಳಿಸಿಕೊಟ್ಟೆ."

"ನಿನಗೆ ಬೇಜಾರಿಲ್ವೇನೇ?" ಎಂದರು ಕ್ಯಾಪ್ಟನ್.

"ಇದೆ. ಆದ್ರೆ ಅಪ್ಪ ಭಾನುವಾರದಿಂದ ಊಟ ಮಾಡಿಲ್ಲ. ಅದಕ್ಕಿಂತ ಇದು ವಾಸಿ."

ಉಸ್ತಾ ಕೋಟು ಬಿಚ್ಚಿ ಗೂಟಕ್ಕೆ ಹಾಕಿದರು. ತೋಳು ಮೇಲೇರಿಸಿದರು.

"ಈ ಬಾಗು ಸರಿಯಿಲ್ಲ. ಜರುಗು. ಕೋಲು ಬೆಳೆಸೋನು ಕೋಲು ಬಗ್ಗಿಸಬಾರದು."

"ಸೈಕಾಲ್," ಎಂದರು ಕ್ಯಾಪ್ಟನ್. "ದೂರು ಬರೆದುಕೊಡ್ತೀಯಾ? ನಿನ್ನ ಹಕ್ಕು. ನಾನು ಇವರನ್ನ ಒಳಗೆ ಹಾಕ್ಬೇಕು ಅಂದ್ರೆ ಹಾಕ್ತೀನಿ."

ಸೈಕಾಲ್ ಹುಳ ತಿಂದ ಕೋಲೊಂದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು.

"ಇವರು ಕದಿಯದಿದ್ರೆ ನಾಳೆ ನಾನು ಇದನ್ನೇ ಮಾರ್ತಿದ್ದೆ ಎಜೆ," ಎಂದಳು. "ದೂರು ಬೇಡ. ಬೈಕೆ, ಒಂದು ಮಾತು. ಮುಂದಿನ ಸಲ ನಾನು ನಗ್ತಾ ಬಂದ್ರೂ ಇಲ್ಲ ಅನ್ನೋದಿದ್ರೆ ಇಲ್ಲ ಅನ್ನಿ. ನಾನು ಅಳಲ್ಲ. ಅತ್ರೂ ಪರವಾಗಿಲ್ಲ."

* * *

ಗುರುವಾರ ವೆನೇರಾ ಅಸಾನೋವ್ನಾ ಬಂದರು. ಎತ್ತರದ ಹೆಂಗಸು, ಕಡಿಮೆ ಮಾತು. ಉಸ್ತಾ ಕಟ್ಟಿದ ಹೊಸ ಕುರ್ಚಿ ಮೇಜು ಸಿದ್ಧವಾಗಿದ್ದವು. ಬಾರು ಇನ್ನೂ ಪೂರ್ತಿ ಒಣಗಿರಲಿಲ್ಲ. ಆಕೆ ಕೂತರು, ಎದ್ದರು, ಮತ್ತೆ ಕೂತರು. ತಟ್ಟಿಯ ಮರೆಗೆ ನಿಂತು ಆ ಕಡೆಯವರನ್ನು ಮಾತಾಡಲು ಹೇಳಿ ಕಿವಿಗೊಟ್ಟರು.

"ಚೆನ್ನಾಗಿದೆ. ಇಂಥದ್ದೇ ಇಡೀ ಕಚೇರಿಗೆ. ಹೊಸ ವರ್ಷದೊಳಗೆ ಆಗುತ್ತಾ?"

ನಾವೆಲ್ಲ ಬಾಗಿಲಾಚೆ ನಿಂತಿದ್ದೆವು. ಆಗುತ್ತೆ ಅಂದರೆ ಮುಗಿಯಿತು. ಸಾತಾರ್ ಕಣ್ಣು ನೆಲದ ಮೇಲಿತ್ತು.

"ಆಗಲ್ಲ," ಎಂದಳು ಸೈಕಾಲ್.

ಬಾಲಿಕ್ಚಿಯ ಕುರ್ಚಿಯನ್ನು ತಾನೇ ತಂದಿಟ್ಟಳು. ಮಗುಚಿ ತಟ್ಟಿದಳು. ಪುಡಿ ಆಕೆಯ ಕರಿ ಬೂಟಿನ ಮೇಲೆ ಬಿತ್ತು. "ನಮ್ಮಲ್ಲಿರೋ ಕೋಲು ಹಿಂಗಿದೆ. ನೀವು ಕೂತಿದ್ದು ಒಂದೇ ಒಂದು ಒಳ್ಳೇದು, ಅದೂ ಒಬ್ಬ ಹುಡುಗಿ ಮದುವೆ ಡೇರೆಯಿಂದ ತೆಗೆದಿದ್ದು. ಈ ಸಲ ಹಿಮ ಬಿದ್ಮೇಲೆ ಕಡೀತೀವಿ. ಒಣಗಿ ಬಗ್ಗೋಕೆ ಮುಂದಿನ ಶರತ್ಕಾಲ. ಅದಕ್ಕೆ ಮುಂಚೆ ಕೊಟ್ರೆ ಮೋಸ ಮಾಡಿದ ಹಾಗೆ."

ವೆನೇರಾ ಅಸಾನೋವ್ನಾ ಬೂಟಿನ ಮೇಲಿನ ಪುಡಿಯನ್ನು ನೋಡಿದರು.

"ನನಗೆ ಈ ಚಳಿಗಾಲಕ್ಕೇ ಕುರ್ಚಿ ಬೇಕು. ಬೇರೆ ಕಡೆ ತಗೋಬೇಕಾಗುತ್ತೆ."

"ಗೊತ್ತು."

"ಅಲ್ಲಿ ಯಾರೂ ಕುರ್ಚಿ ಮಗುಚಿ ತೋರಿಸಲ್ಲ," ಎಂದರು ಆಕೆ. ಮೊದಲ ಸಲ ನಕ್ಕರು. "ಈ ತಟ್ಟಿಗಳಲ್ಲಿ ಹುಳ ಇದೆಯಾ?"

"ಜೊಂಡು. ಶರತ್ಕಾಲದಲ್ಲೇ ಕೊಯ್ದಿದ್ದು. ಹುಳ ಇಲ್ಲ."

"ಉಣ್ಣೆ?"

"ಎಷ್ಟು ಬೇಕಾದ್ರೂ ಇದೆ," ಎಂದು ಬಾಗಿಲಾಚೆಯಿಂದ ಹೆಂಗಸರು ಒಟ್ಟಿಗೆ ಕೂಗಿದರು.

ಕುರ್ಚಿ ಮೇಜಿನ ಆರ್ಡರ್ ಆ ವರ್ಷ ಬಾಲಿಕ್ಚಿಯ ಎರ್ನಿಸ್‌ಗೆ ಹೋಯಿತು. ಸಾತಾರ್ ಮಗಳಿಗೆ ಡೇರೆಮನೆ ಸಿಗಲಿಲ್ಲ. ಮರುವರ್ಷ ಬರಿಯ ಕಂಬಳಿ, ಪೆಟ್ಟಿಗೆಗಳ ಜೊತೆ ಅವಳು ಗಂಡನ ಮನೆಗೆ ಹೋದಳು. ಕಚೇರಿಯ ಎಲ್ಲ ತಟ್ಟಿಗಳೂ, ಎರ್ನಿಸ್ ಕುರ್ಚಿಗಳ ಮೇಲಿನ ಎಲ್ಲ ಉಣ್ಣೆಹಾಸುಗಳೂ ಕಾರಾ-ತಾಲ್‌ನಿಂದ ಹೋದವು. ಆ ಚಳಿಗಾಲ ಕಾರ್ಯಾಗಾರ ಮುಚ್ಚಲಿಲ್ಲ. ಊರಿನ ಒಂದು ಕುರಿಯ ಉಣ್ಣೆಯೂ ಹಳ್ಳಕ್ಕೆ ಬೀಳಲಿಲ್ಲ.